ಬಾಗಿಲು ಹಾಕಿಕೊಂಡು ಬಡಿದ ರೊಟ್ಟಿ

ರೊಟ್ಟಿ ತಿನ್ನುವುದರಲ್ಲಿ ನಾನು ಚಿಕ್ಕಂದಿನಿಂದಲೂ ಗಟ್ಟಿಗ. ಅದರಲ್ಲಿ ತಪ್ಪು ಹುಡುಕುವುದರಲ್ಲಿ ಇನ್ನೂ ಒಂದು ಕೈ ಮೇಲು. ನಮ್ಮ ಮನೆಯ ಕೊನೆಯ ಮಾಮೂಲಿ ದಿನವೂ ಹಾಗೆಯೇ ಕಳೆಯಿತು. ಆರು ಜೋಳದ ರೊಟ್ಟಿ ಮುಗಿಸಿ ಏಳನೆಯದಕ್ಕೆ ಕೈ ಚಾಚುತ್ತ, "ಇವತ್ತ ರೊಟ್ಟಿ ದಪ್ಪ ಆಗ್ಯಾವ ನೋಡಬೇ" ಎಂದೆ. ಅವ್ವ ತಿರುಗಿಯೂ ನೋಡಲಿಲ್ಲ. "ನಾಳಿಂದ ನೀನ ಬಡಿಯಪ್ಪಾ ಶಾಣ್ಯಾ" ಎಂದಳು. ಮರುದಿನ ಹತ್ತಿ ಬಿಡಿಸಲು ಹೋದವಳು ಹೊಲದಲ್ಲೇ ಕುಸಿದಳು. ದೋರನಹಳ್ಳಿಯಿಂದ ಯಾದಗಿರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ನನಗಾಗ ಹತ್ತೊಂಬತ್ತು ವರ್ಷ.

ದಿನಕರ್ಮ ಮುಗಿದ ಮೇಲೆ ಹುಣಸಗಿಯ ಸೋದರತ್ತೆ ಅಪ್ಪನ ಮುಂದೆ ಕೂತು, ಹತ್ತನೇ ತರಗತಿಯಲ್ಲಿದ್ದ ನನ್ನ ತಂಗಿ ರೇಣುಕಾಳ ಬಾಳನ್ನು ಎರಡೇ ಮಾತಿನಲ್ಲಿ ಇತ್ಯರ್ಥ ಮಾಡಿದಳು. "ಸಾಲಿ ಬಿಡಸು ತಮ್ಮಾ. ರೊಟ್ಟಿ ಬಡಿಯೋರು ಯಾರು ಮತ್ತ?" ಅಪ್ಪ ನೆಲ ನೋಡಿದ. ರೇಣುಕಾ ನನ್ನನ್ನು ನೋಡಿದಳು.

"ನಾ ಬಡಿತೀನಿ" ಎಂದೆ.

ಅತ್ತೆ ಅಷ್ಟು ದಿನ ಅತ್ತ ಕಣ್ಣನ್ನು ಒರೆಸಿಕೊಂಡು ನಕ್ಕಳು. "ಗಂಡಸು ಬಡಿದ ರೊಟ್ಟಿ ನಾಯಿನೂ ಮೂಸಂಗಿಲ್ಲ."

"ನಾಯಿಗಲ್ಲತ್ತಿ, ನಮಗ." ಹಿರಿಯರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಎದುರಾಡಿದ ಧೈರ್ಯ ಒಲೆಯ ಮುಂದೆ ಉಳಿಯಲಿಲ್ಲ. ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಯೇ ಯಾರ ಮನೆಯಲ್ಲಿ ಯಾರು ಒಲೆಯ ಮುಂದೆ ಕೂತಿದ್ದಾರೆಂದು ಹೇಳಿಬಿಡುತ್ತಾರೆ. ಹಾಗಾಗಿ ನಾನು ಬಾಗಿಲು ಹಾಕಿಕೊಂಡು, ಮಲಗಿದ ಕೂಸನ್ನು ತಟ್ಟಿದಂತೆ ಮೆಲ್ಲಗೆ ತಟ್ಟಿದೆ. ಹಿಟ್ಟಿಗೆ ತಣ್ಣೀರು ಬೇರೆ ಹಾಕಿದ್ದೆ. ಮೊದಲ ರೊಟ್ಟಿ ಹೆಂಚಿಗೆ ಹೋಗುವ ಮುಂಚೆಯೇ ಮೂರು ಪಾಲಾಯಿತು. ಉಳಿದವು ಅಂಗೈ ದಪ್ಪ. ಅಪ್ಪ ಅವನ್ನು ಬೇಳೆಯಲ್ಲಿ ಕಲಸಿ ಕುಡಿದ. ನಾಲ್ಕನೇ ದಿನ ಪಕ್ಕದ ಮನೆಯ ಮೆಹಬೂಬಿ ಚಾಚಿ ಬಾಗಿಲು ಬಡಿದಳು. "ರೊಟ್ಟಿ ಬಡ್ಯಾಕತ್ತೀಯೋ, ಕಳವು ಮಾಡಾಕತ್ತೀಯೋ? ಬಾಗಲಾ ತಗಿ. ನೀರು ಕುದಿಸಿ ಹಾಕು. ಓಣಿಗೆಲ್ಲ ಕೇಳೂವಂಗ ಬಡಿ, ಅಂದ್ರ ತೆಳ್ಳಗ ಆಗ್ತಾವ."

ತೆಗೆದೆ. ಬಡಿದೆ. ಕಟ್ಟೆಯ ಮೇಲಿದ್ದ ನನ್ನ ಗೆಳೆಯರು ಕಿವಿ ನಿಗುರಿಸಿದರು. "ಏನಲೇ, ಕೈಗೆ ಬಳಿ ಯಾವಾಗ ಇಡಸ್ಕೊಂತಿ?"

"ನೀ ನಿಮ್ಮವ್ವನ ಕೈಯಾಗಿನ ರೊಟ್ಟಿ ಬಿಟ್ಟ ದಿನ" ಎಂದೆ. ಬಾಗಿಲನ್ನು ಮಾತ್ರ ಮತ್ತೆ ಹಾಕಲಿಲ್ಲ.

ರೇಣುಕಾ ಈಗ ಯಾದಗಿರಿಯ ಕಾಲೇಜಿಗೆ ಹೋಗುತ್ತಾಳೆ. ಬುತ್ತಿ ಕಟ್ಟಿಕೊಳ್ಳುವಾಗ, "ಯಣ್ಣಾ, ಇವತ್ತ ದಪ್ಪ ಆಗ್ಯಾವ" ಎನ್ನುತ್ತಾಳೆ. ತಪ್ಪು ಹುಡುಕುವ ಚಾಳಿ ನಮ್ಮ ಮನೆತನದ್ದೇ ಇರಬೇಕು. ಹೋದ ತಿಂಗಳು ಬಂದ ಅತ್ತೆ ಐದು ರೊಟ್ಟಿ ತಿಂದಳು. ನಾಯಿಯ ಮಾತು ಎತ್ತಲಿಲ್ಲ.

ಆದರೆ ಕಟ್ಟೆಯವರ ಮಾತಿನಲ್ಲಿ ಒಂದು ಸತ್ಯವಿತ್ತು. ಅವ್ವ ರೊಟ್ಟಿ ಬಡಿಯುವಾಗ ಅದರ ಜೊತೆಗೆ ಹಸಿರು ಬಳೆಗಳ ಸದ್ದೂ ಇರುತ್ತಿತ್ತು. ನನ್ನದರಲ್ಲಿ ಅದಿಲ್ಲ.