ಹಿಂದಿನ ಸೀಟು ಮತ್ತು ಖಡಕ್ ರೊಟ್ಟಿ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿನವರೆಗೆ ಕಾರಿನ ಹೊಟ್ಟೆಯೊಳಗೆ ಏನಿರುತ್ತದೆ ಎಂದು ತಿಳಿಯದೆಯೇ ನಾನು ಆರಾಮವಾಗಿ ಬದುಕಿದ್ದೆ. ತಿಳಿಸಿದವನು ನನ್ನ ಮಗ ಈರಣ್ಣ. ರೋಣದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಈ ನಲವತ್ತೈದರ ಗಂಡಸು, ನೆಲಕ್ಕೆ ಹೊಟ್ಟೆ ತಾಗುವಂಥ ಓಟದ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ. ಅದರ ಗಾಲಿಯ ಕಬ್ಬಿಣಕ್ಕೂ ಮೈಯ ಕಬ್ಬಿಣಕ್ಕೂ ನಡುವೆ ರಬ್ಬರಿನ ಬುಶ್ ಇರುತ್ತದಂತೆ. ಅವು ಸವೆದವು. ಸವೆದರೆ ಅಂಥವೇ ಹೊಸವು ಹಾಕಿಸಬೇಕಲ್ಲ? ಇಲ್ಲ. ತಿಂಗಳುಗಟ್ಟಲೆ ಫೋನಿನಲ್ಲಿ ವಿಡಿಯೋ ನೋಡಿ, ಉಣ್ಣುವಾಗಲೂ ಅದನ್ನೇ ಮಾತಾಡಿ, ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಎಂಬುದರ ಬುಶ್ ಆರಿಸಿದ. ತನ್ನ ಮಗಳಿಗೆ ಗಂಡು ನೋಡುವಾಗ ಇಷ್ಟು ವಿಚಾರಿಸಿರಲಿಲ್ಲ.

"ತಿರುವಿನ್ಯಾಗ ಗಾಡಿ ಅಳ್ಳಾಡಂಗಿಲ್ಲ ಯವ್ವಾ" ಎಂದ.

"ನಮ್ಮ ದಾರ್ಯಾಗ ತಿರುವು ಎಲ್ಲೈತೊ? ಎಮ್ಮಿ ಅಡ್ಡ ಬಂದ್ರ ಅಷ್ಟ" ಎಂದೆ.

ನಿನಗೇಕೆ ಈ ಉಸಾಬರಿ ಎನ್ನುತ್ತೀರಿ. ನಾನು ರೊಟ್ಟಿ ಬಡಿಯುವವಳು. ಜೋಳದ ಖಡಕ್ ರೊಟ್ಟಿ, ಹಪ್ಪಳದಷ್ಟು ತೆಳು. ವಾರಕ್ಕೊಮ್ಮೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಈ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಗಜೇಂದ್ರಗಡದ ನೀಲವ್ವನ ಖಾನಾವಳಿಗೆ ಮುಟ್ಟಿಸುತ್ತೇನೆ. ಹೊಸ ಬುಶ್ ಬಿದ್ದ ವಾರ ದಾರಿಯ ಒಂದೊಂದು ಹರಳೂ ನನ್ನ ಟೊಂಕಕ್ಕೆ ಬಂದು ತನ್ನ ಹೆಸರು ಹೇಳಿತು. ನೀಲವ್ವ ಬುಟ್ಟಿಯ ಅರಿವೆ ಸರಿಸಿ ನೋಡಿದಳು.

"ಆಯಿ, ರೊಟ್ಟಿ ತರ್ರಿ ಅಂದ್ರ ನುಚ್ಚು ತಂದೀರಲ್ಲ. ಮುಂದಿನ ವಾರಾನೂ ಹಿಂಗ ಆದ್ರ ಮಷಿನ್ ರೊಟ್ಟಿ ತರಸ್ತೀನಿ ನೋಡ್ರಿ."

ಮಷಿನ್ ರೊಟ್ಟಿ. ಅದೂ ನನ್ನ ಎದುರಿಗೆ. "ಹ್ಯಾಂಗೂ ಮುರದ ತಿಂತಾರಲ್ಲ" ಎಂದು ಈರಣ್ಣ ನಡುವೆ ಬಾಯಿ ಹಾಕಿದ. ಮುರಿಯುವುದು ತಿನ್ನುವವರ ಕೆಲಸ, ಕಾರಿನದಲ್ಲ.

ಅಲ್ಲಿಂದ ಸೀದಾ ಬುಶ್ ಹಾಕಿಸಿದ್ದ ನರಗುಂದದ ಗ್ಯಾರೇಜಿಗೆ ನಡೆಸೆಂದೆ. ಮಿಸ್ತ್ರಿ ದಾದಾಪೀರ ಮೂರು ಬುಶ್ ತಂದು ನನ್ನ ಕೈಯಲ್ಲಿಟ್ಟ: ಹಳದಿ, ಕೆಂಪು, ಕರಿ. ನಾದಿದ ಹಿಟ್ಟು ನೋಡುವ ಹಾಗೆ ಹೆಬ್ಬೆರಳಿನಿಂದ ಒತ್ತಿದೆ. ಹಳದಿಯದು ತುಸು ಬಗ್ಗಿತು. ಈರಣ್ಣ ಹಾಕಿಸಿದ್ದು ಕರಿಯದು. ಅದರಲ್ಲಿ ನನ್ನ ಉಗುರೂ ಊರಲಿಲ್ಲ.

"ಈ ಕಲ್ಲು ಹಾಕೀಯಲ್ಲ, ಒಳಗ ಮನಿಷ್ಯಾರು ಕೂಡ್ತಾರಂತ ಖಬರ್ ಇಲ್ಲೇನು?" ಎಂದೆ ಮಿಸ್ತ್ರಿಗೆ.

"ಹಿಂದ ಯಾರು ಕೂಡ್ತಾರ ಅಂತ ಕೇಳೇ ಹಾಕೋದ್ರಿ ಅಮ್ಮಾರ. ಇವರು 'ಯಾರೂ ಇಲ್ಲ' ಅಂದ್ರು."

ಈರಣ್ಣ ಗಾಲಿಯನ್ನು ನೋಡುತ್ತ ನಿಂತ. "ಹಂಗಲ್ಲ ಯವ್ವಾ, ಮುಂದಿನ ಸರ್ತಿ ನೋಡೂಣು" ಎಂದ.

ಪ್ರತಿ ವಾರ ಇವನ ಬೋಳು ನೆತ್ತಿ ನೋಡುತ್ತ ಹಿಂದೆ ಕೂತವಳು ನಾನು. ಯಾರೂ ಇಲ್ಲವಂತೆ. ದೆವ್ವ ಕೂತಿದ್ದರೂ ಒಂದು ಮಾತು ಹೇಳುತ್ತಿದ್ದ. ನರಗುಂದದಿಂದ ರೋಣದವರೆಗೆ ನಾನು ತುಟಿ ಬಿಚ್ಚಲಿಲ್ಲ. ಖಾಲಿ ಸೀಟು ಹೇಗೆ ಮಾತಾಡೀತು?

ಮರುದಿನ ಬೆಳಿಗ್ಗೆ ಒಲೆ ಹಚ್ಚದೆ ಕಟ್ಟೆಯ ಮೇಲೆ ಕೂತೆ.

"ರೊಟ್ಟಿ?" ಎಂದ ಈರಣ್ಣ.

"ಬಡಿಯೋರು ಯಾರೂ ಇಲ್ಲಪ."

ಅವನು ಕೀಲಿ ತೆಗೆದುಕೊಂಡು ಗಾಡಿಯನ್ನು ನರಗುಂದದ ಕಡೆ ತಿರುಗಿಸಿದ. "ಹಳದೀವ ಹಾಕಸು" ಎಂದು ಹಿಂದಿನಿಂದ ಕೂಗಿ ಹೇಳಿದೆ. ಗಾಡಿ ಓಣಿಯ ಮೂಲೆ ದಾಟಿದ ಮೇಲೆ, ನೀಲವ್ವ ವಾಪಸು ಕೊಟ್ಟಿದ್ದ ಆ ನುಚ್ಚನ್ನು ಮಜ್ಜಿಗೆಯಲ್ಲಿ ಕಲಸಿ ತಿಂದೆ. ನನ್ನ ಈ ಹಲ್ಲಿಲ್ಲದ ಬಾಯಿಗೆ ಅಷ್ಟು ಚಲೋ ರೊಟ್ಟಿಯನ್ನು ನಾನು ಅಲ್ಲಿಯವರೆಗೆ ಬಡಿದೇ ಇರಲಿಲ್ಲ.