ಕಾಡು ಕಲಿಯಲು ಬಂದ ಕಾಲೇಜು ಮಕ್ಕಳು

ನಮ್ಮ ಅಭಯಾರಣ್ಯದಲ್ಲಿ ಕಾಡುಕೋಣ ಕಾಣದೆ ಒಂದು ವಾರ ಹೋದರೂ ಹೋದೀತು, ನಗು ಬರದೆ ಒಂದು ದಿನವೂ ಹೋಗುವುದಿಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಕಾಲೇಜು ಮಕ್ಕಳು ಇಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ಪಿಗೆ ಬರುತ್ತಾರೆ. ಅವರಿಗೆ ಕಾಡು ಕಲಿಸುವುದು ನನ್ನ ಕೆಲಸ. ಯಾರು ಯಾರಿಗೆ ಕಲಿಸಿದರು ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಪಿಸುಮಾತು

ಇಚಲಕರಂಜಿಯ ಹುಡುಗಿಯೊಬ್ಬಳು ಬಂದಿದ್ದಳು. ಮನೆಯ ಕೆಳಗೇ ಅಪ್ಪನ ಮಗ್ಗಗಳು. ಆ ಖಟಖಟದ ನಡುವೆ ಮಾತಾಡಿ ಬೆಳೆದವಳು. ಕೆರೆಯ ದಂಡೆಯಲ್ಲಿ ಹಕ್ಕಿ ಎಣಿಸಲು ಕೂತಾಗ ಹೇಳಿದೆ: "ಹಕ್ಕಿ ಕಂಡ್ರ ಒದರಬ್ಯಾಡವ್ವಾ, ಕಿವ್ಯಾಗ ಹೇಳು."

ಅರ್ಧ ತಾಸು ಉಸಿರು ಬಿಗಿಹಿಡಿದು ಕೂತಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಸರ್, ಬಾತುಕೋಳಿ ರೀ!" ಅಂದಳು. ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಆಚೆ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದವ "ಏನ್ರಿ?" ಎಂದು ಕೂಗಿದ.

"ನಾ ಸಾವಕಾಶನ ಹೇಳಿದ್ನಿ ರೀ ಸರ್," ಅಂದಳು, ಅಳುಮೋರೆ ಮಾಡಿಕೊಂಡು.

ಸಂಜೆ ಅವಳ ಹಾಳೆ ನೋಡಿದೆ. "ಎಣಿಸಿದ್ದು: ಒಂದು. ಹಾರಿಹೋದವು: ಎಲ್ಲಾ."

ಪ್ರಶ್ನಾವಳಿ

ಗಡಹಿಂಗ್ಲಜದ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿ ಭಾಳ ಹುಷಾರ್. ಹಳ್ಳಿಯವರಿಗೆ ಪರಿಸರದ ತಿಳುವಳಿಕೆ ಎಷ್ಟಿದೆ ಎಂದು ಅಳೆಯಲು ಇಪ್ಪತ್ತು ಪ್ರಶ್ನೆ ಬರೆದುಕೊಂಡು ಹೊರಟ. ಮೊದಲು ಸಿಕ್ಕವಳು ಕುರಿ ಕಾಯುವ ಅಜ್ಜಿ.

"ಅಜ್ಜಿ, ಜೀವವೈವಿಧ್ಯ ಅಂದ್ರ ಗೊತ್ತೈತೇನ್ರಿ?"

"ಇಲ್ಲಪಾ."

ಅವನು ಸೊನ್ನೆ ಹಾಕಿದ. ಅಜ್ಜಿ ಅದನ್ನು ನೋಡಿಬಿಟ್ಟಳು.

"ಈಗ ನನ್ನ ಪಾಳಿ. ನೀ ಯಾವ ಗಿಡದ ಬುಡಕ ನಿಂತಿ?"

"ಗೊತ್ತಿಲ್ರಿ."

"ಹೋಗ್ಲಿ, ಅಲ್ಲಿ ಕೂಗಾಕತ್ತೈತಲ್ಲ, ಅದ್ಯಾವ ಹಕ್ಕಿ?"

ಇವನು ಕಿವಿಗೊಟ್ಟು ಕೇಳಿ, "ನವಿಲು ಇರಬೇಕ್ರಿ," ಅಂದ.

"ಅದು ನನ್ನ ಗಂಡ. ಊಟಕ್ಕ ಕರ್ಯಾಕತ್ತಾನ."

ಪ್ರಶ್ನಾವಳಿ ಮಡಚಿಟ್ಟು ಒಂದು ವಾರ ಅಜ್ಜಿಯ ಕುರಿಗಳ ಹಿಂದೆ ತಿರುಗಿದ. ಕೊನೆಗೆ ಬರೆದ ವರದಿ ಕಾಲೇಜಿಗೇ ಮೊದಲಾಯಿತು. ಅದರಲ್ಲಿ "ಮಾರ್ಗದರ್ಶಕರು" ಅನ್ನುವ ಜಾಗದಲ್ಲಿ ಅಜ್ಜಿಯ ಹೆಸರಿತ್ತು. ನನ್ನದು "ಚಹಾ ವ್ಯವಸ್ಥೆ"ಯ ಮುಂದಿತ್ತು.

ಗೆಜ್ಜೆ ಡಬ್ಬಿ

ಇನ್ನೊಬ್ಬ ಹುಡುಗಿ ಕೊಲ್ಹಾಪುರದ ಹತ್ತಿರದ ಹುಪರಿಯವಳು, ಬೆಳ್ಳಿ ಕೆಲಸದವರ ಮಗಳು. ನಮ್ಮ ಭಾಗದಲ್ಲಿ ಚಿರತೆ ಉಳಿದಿಲ್ಲ, ಅದರ ಫೋಟೋ ಹಿಡಿಯಲು ಕಾಡಿನಲ್ಲಿ ಕ್ಯಾಮೆರಾ ಇಡುವುದು ದಂಡ ಎಂದು ಮೇಲಿನವರು ಹೇಳುತ್ತಿದ್ದರು. ಇವಳು ಹಟ ಹಿಡಿದು ಹದಿನೈದು ದಿನ ಅಲೆದು, ಚಿರತೆಯ ಒಣಗಿದ ಹಿಕ್ಕೆ ಹುಡುಕಿ ತಂದಳು. ಪುಡಿಯಾಗಬಾರದು ಎಂದು ಮನೆಯಿಂದ ತಂದಿದ್ದ ಕಾಲ್ಗೆಜ್ಜೆಯ ಮಖಮಲ್ ಡಬ್ಬಿಯಲ್ಲಿ, ಗುಲಾಬಿ ಬಣ್ಣದ ಹತ್ತಿಯ ಮೇಲೆ ಇಟ್ಟಳು.

ಮರುದಿನ ಅರಣ್ಯ ಇಲಾಖೆಯ ದೊಡ್ಡ ಸಾಹೇಬರು ಬಂದರು. ನಾನು ಪರಿಚಯ ಮಾಡಿಸುವ ಮೊದಲೇ ಎರಡೂ ಕೈಯಿಂದ ಡಬ್ಬಿ ಮುಂದೆ ಹಿಡಿದಳು.

ಸಾಹೇಬರು ಹಿಂದೆ ಸರಿದರು. "ಬ್ಯಾಡವ್ವಾ, ನಾ ಯಾರ ಕಡೆಯಿಂದನೂ ಏನೂ ತಗೊಳ್ಳಾಂವಲ್ಲ."

"ಹಂಗನಬ್ಯಾಡ್ರಿ ಸಾಹೇಬ್ರ, ನಿಮ್ಮ ಸಲುವಾಗಿನ ಹದಿನೈದು ದಿನ ತಿರುಗೇನ್ರಿ!" ಅವಳ ಕಣ್ಣು ತುಂಬಿತು.

ಸಾಹೇಬರು ಕರಗಿದರು. "ಇರ್ಲಿ, ಮಗಳು ಕೊಟ್ಟಂಗಾತು," ಎಂದು ಮುಚ್ಚಳ ತೆಗೆದರು. ಬಗ್ಗಿ ನೋಡಿದರು. ಇನ್ನೂ ಬಗ್ಗಿದರು. ಮೂಗು ಹಿಡಿದುಕೊಂಡು ನೆಟ್ಟಗಾದರು.

"ಯಾರದ್ದಿದು?"

"ಚಿರತೀದ್ರಿ."

ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಂತೆ. ಸಾಹೇಬರು ಕನ್ನಡಕ ಹಾಕಿ, ಹಿಕ್ಕೆಯೊಳಗಿನ ಕೂದಲನ್ನೆಲ್ಲ ನೋಡಿ, ಕ್ಯಾಮೆರಾಕ್ಕೆ ಅಲ್ಲೇ ಒಪ್ಪಿಗೆ ಕೊಟ್ಟರು. ಹೊರಡುವಾಗ ಡಬ್ಬಿ ತಿರುಗಿ ಕೊಡುತ್ತ, ನಗದೆ ಕೇಳಿದರು:

"ಗೆಜ್ಜಿ ಯಾವಾಗ್ಲೂ ಜೋಡಿ ಇರ್ತಾವಲ್ಲವ್ವಾ? ಇನ್ನೊಂದು ಎಲ್ಲಿ?"

ಹುಡುಗಿ ಗಂಭೀರವಾಗಿ ಅಂದಳು: "ನಾಳೆ ಹುಡುಕಿ ಕೊಡ್ತೇನ್ರಿ."