ಸ್ವಾವಲಂಬಿಯ ಮನೆಯ ಹಳದಿ ವೈರು

ನಿವೃತ್ತರಾದ ಮೇಲೆ ಗವಿಪುರಂನ ಚಕ್ರಪಾಣಿಗಳು ಮಾಡಿದ ಮೊದಲ ಕೆಲಸವೆಂದರೆ ಮನೆಯ ಕರೆಂಟು ಕೀಳಿಸಿದ್ದು. ಸೂರ್ಯನಾರಾಯಣ ಪುಕ್ಕಟೆ ಕೊಡುವಾಗ ಕಂಬದ ಮುಂದೆ ಕೈಯೊಡ್ಡುವುದೇಕೆ ಎಂಬುದು ಅವರ ಸಿದ್ಧಾಂತ. ತಾರಸಿಗೆ ಸೋಲಾರ್ ಪ್ಯಾನೆಲ್ ಬಂತು, ಮಿಕ್ಸಿ ಅಟ್ಟ ಸೇರಿತು, ಒರಳುಕಲ್ಲು ಹಿತ್ತಿಲಿನಿಂದ ಒಳಗೆ ಬಂತು. (ರುಬ್ಬುವವರು ಯಾರೆಂಬುದು ಸಿದ್ಧಾಂತದಲ್ಲಿ ಇರಲಿಲ್ಲ.)

ಹೆಂಡತಿ ಕೋಕಿಲಾ ಅದನ್ನೂ ಸಹಿಸಿದರು. ಆದರೆ ಬೆಳಗಿನ ಹೊತ್ತು ಅವರು ಆನ್‌ಲೈನಿನಲ್ಲಿ ದೇವರನಾಮ ಕಲಿಸುವಾಗ ಪಲ್ಲವಿ ಮುಗಿಯುವುದರೊಳಗೆ ನೆಟ್ ಹೋಗಿಬಿಡುತ್ತಿತ್ತು.

"ರೀ, ಇನ್ನೊಂದ್ಸಲ ಪಾಠದ ಮಧ್ಯ ನೆಟ್ ಹೋದ್ರೆ ಕರೆಂಟು ವಾಪಸ್ ಬರ್ಬೇಕು. ಇಲ್ದಿದ್ರೆ ನಾನು ತಮ್ಮನ ಮನೆಗೆ ಹೋಗ್ತೀನಿ. ಪಾಠಾನೂ ಅಲ್ಲೇ, ಅಡುಗೇನೂ ಅಲ್ಲೇ."

ಚಕ್ರಪಾಣಿಗಳು ಹೊಸ ಬ್ಯಾಟರಿ ತಂದರು. ಸಿಮ್ ಹಾಕುವ ರೌಟರನ್ನು, ಸಿಗ್ನಲ್ ಚೆನ್ನಾಗಿ ಸಿಗುತ್ತದೆಂದು, ತಾರಸಿಯ ಕೋಣೆಯಲ್ಲಿಟ್ಟರು. ಆಮೇಲೆ ಮಂಡಿನೋವು ಅವರನ್ನು ಮೆಟ್ಟಿಲು ಹತ್ತಗೊಡಲಿಲ್ಲ. ಪ್ಯಾನೆಲ್ ಒರೆಸುವ ಕೆಲಸ ಕೋಕಿಲಾ ಪಾಲಿಗೆ ಬಂತು. ಅಂದಿನಿಂದ ನೆಟ್ ಒಮ್ಮೆಯೂ ಕದಲಲಿಲ್ಲ. ಸಂಜೆ ದೀಪಗಳು ಮಂಕಾಗುತ್ತಿದ್ದುದು ನಿಜ. ಅದಕ್ಕೆ ಮೋಡವೇ ಕಾರಣವೆಂದು ಚಕ್ರಪಾಣಿಗಳು ತೀರ್ಮಾನಿಸಿದರು.

ಯಶಸ್ಸು ಮನುಷ್ಯನನ್ನು ಸುಮ್ಮನೆ ಕೂರಿಸುವುದಿಲ್ಲ. ಭಾನುವಾರ ಬೆಳಗ್ಗೆ, ನಿವೃತ್ತರ ಬಳಗಕ್ಕೆ, 'ಯಾರ ಹಂಗೂ ಇಲ್ಲದ ಗೃಹಸ್ಥ' ಎಂಬ ಆನ್‌ಲೈನ್ ಉಪನ್ಯಾಸ ಏರ್ಪಾಡಾಯಿತು. ಫೋನನ್ನು ಮುಖದ ಮುಂದೆ ಹಿಡಿದು ಚಕ್ರಪಾಣಿಗಳು ನಿರರ್ಗಳವಾಗಿ ಮಾತನಾಡುತ್ತಿದ್ದಾಗ ಬಳಗದ ಮುನಿರಾಮಪ್ಪ ತಡೆದರು.

"ಸಾರ್, ಆ ಪ್ಯಾನೆಲ್ ಒಂಚೂರು ತೋರ್ಸಿ. ನಮ್ಮನೇಲೂ ಹಾಕಿಸ್ಬೇಕು."

"ಧಾರಾಳವಾಗಿ," ಎಂದು ಉಪನ್ಯಾಸಕರು ಎದ್ದರು.

"ಈಗ್ಯಾಕ್ರೀ ಮೇಲೆ? ಮಂಡಿ ನೋವಲ್ವಾ?" ಅಡುಗೆಮನೆಯಿಂದ ಕೋಕಿಲಾ ಓಡಿಬಂದರು. ಉಪನ್ಯಾಸಕರು ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದರು.

ತಾರಸಿಯಲ್ಲಿ ಪ್ಯಾನೆಲ್ ಕಾಣಲಿಲ್ಲ. ಅದರ ಮೇಲೆ ಅವರದೇ ಜರಿ ಪಂಚೆ ಹರಡಿತ್ತು. ಪಂಚೆಯ ತುಂಬ ಅರಳು ಸಂಡಿಗೆ.

"ಏನಿದು ಕೋಕಿಲಾ?"

"ಸಂಡಿಗೆ. ಮನೇಲಿ ಬಿಸಿಲು ಚೆನ್ನಾಗಿ ಬೀಳೋ ಜಾಗ ಇದೊಂದೇ ಅಂತ ನೀವೇ ಹೇಳಿದ್ರಲ್ಲ."

"ಹಂಗಾದ್ರೆ ನೆಟ್ ಹೆಂಗೆ ಬರ್ತಿದೆ ಸಾರ್?" ಫೋನಿನೊಳಗಿಂದ ಮುನಿರಾಮಪ್ಪ ಕೇಳಿದರು. "ಆ ಹಳದಿ ವೈರು ಎಲ್ಲಿಗೋಗುತ್ತೆ?"

ಚಕ್ರಪಾಣಿಗಳಿಗೂ ಅದೇ ಪ್ರಶ್ನೆ. ರೌಟರ್ ಇದ್ದ ಕೋಣೆಯಿಂದ ಹೊರಟ ವೈರು ಪಕ್ಕದ ಮನೆಯ ಸರ್ವಮಂಗಳಾ ಅವರ ಕಿಟಕಿಯೊಳಗೆ ಹೋಗಿತ್ತು. ಕಿಟಕಿಯಲ್ಲಿ ಆಕೆಯ ಮುಖವೂ ಕಾಣಿಸಿತು.

"ಚಕ್ರಪಾಣಿಗಳೇ, ಕೋಕಿಲಾದು ಪಾಠ ಮುಗೀತಲ್ಲ, ನಿಮ್ಮ ಪ್ಲಗ್ ಒಂದ್ನಿಮಿಷ ತೆಗೀತೀನಿ. ಇಸ್ತ್ರಿಪೆಟ್ಟಿಗೆ ಹಾಕ್ಬೇಕು."

ವಿವರಣೆ ಕೊಡಲೆಂದು ಚಕ್ರಪಾಣಿಗಳು ಬಾಯಿ ತೆರೆದರು. ಆಕೆ ಪ್ಲಗ್ ಕಿತ್ತರು. ಬಳಗದವರೆಲ್ಲರ ಫೋನಿನಲ್ಲಿ, ಸಂಡಿಗೆಯ ಮುಂದೆ ಬಾಯಿ ತೆರೆದ ಉಪನ್ಯಾಸಕರು ಹಾಗೆಯೇ ನಿಂತುಬಿಟ್ಟರು.

"ನೆಟ್ ಹೋಯ್ತಲ್ಲಾರೀ," ಎಂದರು ಕೋಕಿಲಾ, ಸಂಡಿಗೆ ತಿರುವಿಹಾಕುತ್ತ. "ನೀವು ಮಾಡ್ತಿದ್ದಿದ್ದೂ ಪಾಠಾನೇ. ನಾಳೆ ಕರೆಂಟ್ ಆಫೀಸಿಗೆ ಹೋಗಿ ಬನ್ನಿ."